ಕಾರನ್ನು ಬೋಟಿಗೆ ಹತ್ತಿಸಿ ಖಾಡಿ ದಾಟುವುದು: ತುಮಕೂರಿನಿಂದ ಕೊಂಕಣಕ್ಕೆ ಹೊರಡುವವರಿಗೆ

"ಕಾರನ್ನೇ ಬೋಟಿನ ಮೇಲೆ ಹಾಕ್ಕೊಂಡು ಹೋಗ್ಬಹುದಂತೆ, ಹೌದಾ? ಭಯ ಇಲ್ವಾ? ಮೊದಲೇ ಬುಕ್ ಮಾಡ್ಬೇಕಾ?" ತುಮಕೂರು, ಗುಬ್ಬಿ, ತಿಪಟೂರು ಕಡೆಯ ಓದುಗರು ಈ ಮೂರು ಪ್ರಶ್ನೆಗಳನ್ನು ಎಷ್ಟೋ ದಿನಗಳಿಂದ ಕೇಳುತ್ತಲೇ ಇದ್ದಾರೆ. ರಜೆ ಹತ್ತಿರ ಬಂದರೆ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೇ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಹೌದು, ಹೋಗಬಹುದು. ಮಹಾರಾಷ್ಟ್ರದ ರತ್ನಾಗಿರಿ ಮತ್ತು ರಾಯಗಡ ಜಿಲ್ಲೆಗಳ ಕರಾವಳಿಯಲ್ಲಿ ಸಹ್ಯಾದ್ರಿಯಿಂದ ಇಳಿದು ಬರುವ ನದಿಗಳು ಅಗಲವಾಗಿ ಸಮುದ್ರ ಸೇರುತ್ತವೆ. ಸಮುದ್ರದ ನೀರು ಒಳನುಗ್ಗುವ ಈ ಭಾಗಕ್ಕೆ ಅಲ್ಲಿ ಖಾಡಿ ಎನ್ನುತ್ತಾರೆ. ಎದುರು ದಡದ ಊರು ಕಣ್ಣಿಗೆ ಕಾಣುತ್ತಿರುತ್ತದೆ. ರಸ್ತೆಯಲ್ಲಿ ಹೋಗಬೇಕೆಂದರೆ ಮಾತ್ರ ಒಳನಾಡಿನ ಹೆದ್ದಾರಿಗೆ ಬಂದು, ಸೇತುವೆ ದಾಟಿ, ಮತ್ತೆ ಕಡಲಿಗೆ ಇಳಿಯಬೇಕು. ವಾಶಿಷ್ಠಿ ನದಿಯ ಆಚೆಈಚೆ ಇರುವ ಧೋಪಾವೆ ಮತ್ತು ದಾಭೋಳ್ ನೋಡಿ. ಬೋಟಿನಲ್ಲಿ ಕಾಲು ಗಂಟೆಯ ಒಳಗೆ ದಾಟಬಹುದು. ಚಿಪ್ಳೂಣ್ ಸುತ್ತಿಕೊಂಡು ಹೋದರೆ ನೂರು ಕಿಲೋಮೀಟರಿಗೂ ಜಾಸ್ತಿ, ಅದೂ ತಿರುವುಗಳ ರಸ್ತೆ. ಅದಕ್ಕೇ ಇಲ್ಲಿ 2003ರಿಂದ ಜನರನ್ನೂ ವಾಹನಗಳನ್ನೂ ದಾಟಿಸುವ ಫೆರಿ ಬೋಟು ಓಡುತ್ತಿದೆ. ನಡೆಸುವುದು ಸುವರ್ಣದುರ್ಗ ಶಿಪ್ಪಿಂಗ್ ಎಂಬ ಸ್ಥಳೀಯ ಕಂಪನಿ. ಆಮೇಲೆ ಉಳಿದ ಖಾಡಿಗಳಿಗೂ ಇಂಥ ಬೋಟುಗಳು ಬಂದವು.

ಹೊರಡುವ ಮುನ್ನ ಒಂದು ಮಾತು ನೆನಪಿರಲಿ. ನಮಗೆ ಇದು ಪ್ರವಾಸ, ಅಲ್ಲಿಯವರಿಗೆ ಇದೇ ರಸ್ತೆ. ಶಾಲೆಗೆ ಹೋಗುವ ಮಕ್ಕಳು, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಆಸ್ಪತ್ರೆಗೆ ಹೊರಟವರು ಎಲ್ಲರೂ ಅದೇ ಬೋಟಿನಲ್ಲಿ ಇರುತ್ತಾರೆ. ನಿಮ್ಮ ದಿನವನ್ನು ಬೋಟಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ಹಾಗೆ ಮಾಡಿದರೆ ಮುಂದೆ ಹೇಳುವ ಅರ್ಧ ತೊಂದರೆಗಳು ಬರುವುದೇ ಇಲ್ಲ.

1. ಯಾವ ಬೋಟು ಎಲ್ಲಿದೆ, ತಿಳಿದುಕೊಳ್ಳಿ

ದಕ್ಷಿಣದಿಂದ ಉತ್ತರಕ್ಕೆ, ನಾವು ಹೋಗುವ ದಿಕ್ಕಿನಲ್ಲೇ ಹೇಳುತ್ತೇನೆ.

ಜಯಗಡ–ತವಸಾಳ್: ಶಾಸ್ತ್ರಿ ನದಿಯ ಖಾಡಿ. ಗಣಪತಿಪುಳೆಯಿಂದ ಉತ್ತರಕ್ಕೆ ಸ್ವಲ್ಪ ದೂರ. ಈ ದಡದಲ್ಲಿ ಜಯಗಡ ಕೋಟೆ ಮತ್ತು ದೊಡ್ಡ ಬಂದರು. ಆ ದಡದಿಂದ ಹೆದವಿ, ವೇಳಣೇಶ್ವರ, ಗುಹಾಗರ್‌ಗೆ ದಾರಿ.

ಧೋಪಾವೆ–ದಾಭೋಳ್: ವಾಶಿಷ್ಠಿಯ ಖಾಡಿ. ಗುಹಾಗರ್ ಕಡೆಯಿಂದ ದಾಪೋಲಿ ಕಡೆಗೆ.

ವೇಶ್ವಿ–ಬಾಗಮಾಂಡಲಾ: ಸಾವಿತ್ರಿ ನದಿಯ ಖಾಡಿ. ಇದನ್ನು ದಾಟಿದರೆ ರತ್ನಾಗಿರಿ ಜಿಲ್ಲೆ ಮುಗಿದು ರಾಯಗಡ ಶುರು. ಹರಿಹರೇಶ್ವರ ಇಲ್ಲಿಂದ ಹತ್ತಿರ.

ದಿಘಿ–ಆಗರದಾಂಡಾ: ರಾಜಪುರಿ ಖಾಡಿ. ಜಂಜಿರಾ ಕೋಟೆ ನೋಡುವವರಿಗೆ ಇದೇ ದಾರಿ.

ಕೊನೆಗೆ ಮಾಂಡವಾದಿಂದ ಮುಂಬೈಗೆ ದೊಡ್ಡ ಹಡಗು ಇದೆ. ಇದಕ್ಕೆ ರೋರೋ ಎನ್ನುತ್ತಾರೆ, ಅಂದರೆ ವಾಹನ ತನ್ನ ಗಾಲಿಯ ಮೇಲೇ ಹತ್ತಿ ಇಳಿಯುವ ಹಡಗು. 2020ರಲ್ಲಿ ಶುರುವಾಯಿತು. ಸುಮಾರು ಒಂದು ಗಂಟೆಯ ಪಯಣ. ಇದನ್ನು ಮೊದಲ ನಾಲ್ಕರ ಜೊತೆ ಬೆರೆಸಬೇಡಿ. ಇದಕ್ಕೆ ಆನ್‌ಲೈನ್ ಬುಕಿಂಗ್ ಇದೆ, ಬುಕ್ ಮಾಡಿಕೊಂಡೇ ಹೋಗಿ. ಉಳಿದ ನಾಲ್ಕಕ್ಕೆ ಜೆಟ್ಟಿಗೆ ಹೋಗಿ ಟಿಕೆಟ್ ತಗೊಂಡು ಸಾಲಿನಲ್ಲಿ ನಿಲ್ಲುವುದೇ ರೂಢಿ. ಜೆಟ್ಟಿ ಎಂದರೆ ಬೋಟು ಬಂದು ನಿಲ್ಲುವ ಕಟ್ಟೆ, ನಮ್ಮ ಕರಾವಳಿಯವರು ದಕ್ಕೆ ಎನ್ನುತ್ತಾರಲ್ಲ, ಅದು.

ಇಲ್ಲಿ ತುಂಬಾ ಜನ ಎಡವುವುದು ಹೆಸರುಗಳಲ್ಲಿ. ಮುರುಡ್ ಎಂಬ ಊರು ಎರಡಿದೆ. ಒಂದು ದಾಪೋಲಿ ತಾಲ್ಲೂಕಿನಲ್ಲಿ, ಇನ್ನೊಂದು ಜಂಜಿರಾ ಪಕ್ಕದಲ್ಲಿ. ನಡುವೆ ಬೋಟಿನಲ್ಲಿ ದಾಟುವ ಖಾಡಿಗಳೇ ಎರಡಿವೆ. ಮ್ಯಾಪಿನಲ್ಲಿ ಸುಮ್ನೆ ಮುರುಡ್ ಎಂದು ಹಾಕಿ ಹೊರಟರೆ ಎಲ್ಲಿಗೋ ಹೋಗಿ ನಿಲ್ಲುತ್ತೀರಿ. ದಾಪೋಲಿ ಮತ್ತು ದಾಭೋಳ್ ಕೂಡ ಬೇರೆ ಬೇರೆ ಊರು. ಹೋಟೆಲ್ ಬುಕ್ ಮಾಡುವಾಗ ಜಿಲ್ಲೆ, ತಾಲ್ಲೂಕು ನೋಡಿಯೇ ದುಡ್ಡು ಕಟ್ಟಿ.

2. ಎಷ್ಟು ದಿನ, ಯಾವ ತಿಂಗಳು

ಮೊದಲ ಸಲ ಹೋಗುವವರು ಎಲ್ಲ ಖಾಡಿಗಳನ್ನೂ ದಾಟುವ ಆಸೆ ಬಿಡಿ. ಎರಡು ಸಾಕು: ಜಯಗಡ–ತವಸಾಳ್, ಧೋಪಾವೆ–ದಾಭೋಳ್. ಆಮೇಲೆ ದಾಪೋಲಿ ಕಡೆ ಒಂದೆರಡು ದಿನ ಉಳಿದು, ಖೇಡ್, ಚಿಪ್ಳೂಣ್, ಕುಂಭಾರ್ಲಿ ಘಾಟಿ ಮೇಲೆ ಕರಾಡಿಗೆ ಬಂದರೆ ಮತ್ತೆ ನಮ್ಮ 48ನೇ ನಂಬರಿನ ಹೆದ್ದಾರಿ ಸಿಗುತ್ತದೆ. ಹೋಗಿ ಬರುವ ದಾರಿಯನ್ನೂ ಸೇರಿಸಿ ಒಂದು ವಾರ ಇಟ್ಟುಕೊಳ್ಳಿ. ಅಲಿಬಾಗ್ ಅಥವಾ ಮುಂಬೈ ತನಕ ಹೋಗಬೇಕೆಂದರೆ ಹತ್ತು ದಿನ ಬೇಕು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ರತ್ನಾಗಿರಿಯ ಆಪೂಸ್ ಮಾವಿನ ಹಣ್ಣು ಸಿಗುತ್ತದೆ ನಿಜ, ಆದರೆ ನಮ್ಮ ಒಣ ಬಿಸಿಲಿಗೆ ಒಗ್ಗಿದವರಿಗೆ ಆ ಬೆವರು ತಡೆಯುವುದು ಕಷ್ಟ. ಮಳೆಗಾಲದಲ್ಲಿ ಖಾಡಿಯ ಬೋಟುಗಳು ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಅವು ಓಡುವುದು ತೆರೆದ ಸಮುದ್ರದಲ್ಲಲ್ಲ. ಆದರೂ ಗಾಳಿ, ನೆರೆ ಬಂದ ದಿನ ಯಾವಾಗ ಬೇಕಾದರೂ ನಿಲ್ಲಿಸುತ್ತಾರೆ. ಮನೆಮಂದಿಯನ್ನು ಕರೆದುಕೊಂಡು ಮೊದಲ ಸಲ ಹೋಗುವವರಿಗೆ ಮಳೆಗಾಲ ಬೇಡ ಎಂದೇ ನಾನು ಹೇಳುತ್ತೇನೆ.

ಇನ್ನು ಜನಸಂದಣಿಯ ದಿನಗಳು. ಗಣೇಶ ಚತುರ್ಥಿಗೂ, ಹೋಳಿಯ ಹೊತ್ತಿಗೆ ಬರುವ ಶಿಮಗಾ ಹಬ್ಬಕ್ಕೂ ಮುಂಬೈ, ಪುಣೆಯಲ್ಲಿರುವ ಕೊಂಕಣದವರೆಲ್ಲ ಊರಿಗೆ ಬರುತ್ತಾರೆ. ಆ ದಿನಗಳಲ್ಲಿ ಆ ಬೋಟುಗಳನ್ನು ಅವರಿಗೇ ಬಿಟ್ಟುಬಿಡುವುದು ಒಳ್ಳೆಯದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ, ಮತ್ತೆ ಪ್ರತಿ ಶನಿವಾರ ಬೆಳಗ್ಗೆ, ಭಾನುವಾರ ಮಧ್ಯಾಹ್ನ ಪ್ರವಾಸಿಗಳ ಕಾರಿನ ಸಾಲು ಉದ್ದ ಇರುತ್ತದೆ. ಖಾಡಿ ದಾಟುವುದನ್ನು ಸೋಮವಾರದಿಂದ ಗುರುವಾರದ ಒಳಗೆ ಇಟ್ಟುಕೊಳ್ಳಿ.

3. ನೀರಿನ ಏರಿಳಿತ ನೋಡಿಕೊಂಡು ಹೊತ್ತು ಗೊತ್ತು ಮಾಡಿ

ಬಯಲುಸೀಮೆಯವರಾದ ನಮಗೆ ಹೊಸದೆನಿಸುವುದು ಇದೇ ಭಾಗ. ಸ್ವಲ್ಪ ನಿಧಾನವಾಗಿ ಓದಿ.

ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನ ಲಾಂಚ್‌ನಲ್ಲಿ ಕಾರು ಹಾಕಿಕೊಂಡು ಹೋದ ನೆನಪು ತುಂಬಾ ಜನರಿಗೆ ಇರುತ್ತದೆ. ಅಲ್ಲಿ 2025ರ ಜುಲೈನಲ್ಲಿ ಸೇತುವೆ ಆಯಿತು. ಅದು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. ನೀರಿನ ಮಟ್ಟ ತಿಂಗಳುಗಳ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ಖಾಡಿಯಲ್ಲಿ ಹಾಗಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಈ ವ್ಯತ್ಯಾಸ ಕಡಿಮೆ. ಕಾರವಾರದ ಕಡೆಯಿಂದ ಮುಂಬೈ ಕಡೆಗೆ ಹೋದ ಹಾಗೆ ಏರಿಳಿತದ ಅಂತರವೂ ಹೆಚ್ಚುತ್ತದೆ.

ಇದರಿಂದ ನಿಮ್ಮ ಕಾರಿಗೆ ಏನಾಗುತ್ತದೆ? ಜೆಟ್ಟಿ ಎಂದರೆ ನೀರಿನೊಳಗೆ ಇಳಿದು ಹೋಗುವ ಕಾಂಕ್ರೀಟಿನ ಇಳಿಜಾರು. ಬೋಟು ತನ್ನ ಮೂತಿಯ ಕಬ್ಬಿಣದ ಹಲಗೆಯನ್ನು ಆ ಇಳಿಜಾರಿನ ಮೇಲೆ ಇಳಿಸುತ್ತದೆ. ಈ ಹಲಗೆಗೆ ರ‍್ಯಾಂಪ್ ಎನ್ನುತ್ತಾರೆ. ನೀರು ತುಂಬಿದ್ದಾಗ ಬೋಟು ಮೇಲೆಯೇ ನಿಲ್ಲುತ್ತದೆ, ನೀವು ಒಣಗಿದ ಕಾಂಕ್ರೀಟಿನಿಂದ ಸಲೀಸಾಗಿ ಹತ್ತುತ್ತೀರಿ. ಇಳಿತದ ಹೊತ್ತಿನಲ್ಲಿ ಬೋಟು ಕೆಳಗೆಲ್ಲೋ ನಿಂತಿರುತ್ತದೆ. ಆಗ ನೀವು ಇಳಿಯಬೇಕಾದ ಕಾಂಕ್ರೀಟು ಕೆಲವು ಗಂಟೆಗಳ ಹಿಂದಷ್ಟೇ ನೀರೊಳಗಿದ್ದದ್ದು. ಹಸಿರು ಪಾಚಿ, ಸಣ್ಣ ಚಿಪ್ಪು, ತೆಳ್ಳಗೆ ಕೆಸರು. ಕಾಲಿಟ್ಟರೇ ಜಾರುತ್ತದೆ. ಇನ್ನು ಟೈರಿನ ಗತಿ ನೀವೇ ಯೋಚಿಸಿ.

ಹೊತ್ತು ತಿಳಿಯಲು ಮೊಬೈಲಿನಲ್ಲಿ ಉಬ್ಬರ–ಇಳಿತದ ಆ್ಯಪ್‌ಗಳಿವೆ. ಆದರೆ ಕೊಂಕಣದವರ ಹಳೆಯ ಲೆಕ್ಕವೊಂದಿದೆ, ನಿಮ್ಮ ಮನೆಯ ಗೋಡೆಯ ಪಂಚಾಂಗವೇ ಅದಕ್ಕೆ ಸಾಕು. ಆ ದಿನದ ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ. ಬಂದ ಅಂಕಿ ಉಬ್ಬರದ ಗಂಟೆ. ಪಂಚಮಿ ಎಂದರೆ ಐದು, ಅದರ ಮುಕ್ಕಾಲು ಮೂರೂ ಮುಕ್ಕಾಲು. ಅಂದರೆ ಬೆಳಗಿನ ಜಾವ ಮತ್ತು ಮಧ್ಯಾಹ್ನ 3.45ರ ಆಸುಪಾಸು ನೀರು ತುಂಬಿರುತ್ತದೆ, ಬೆಳಗ್ಗೆ ಹತ್ತರ ಆಸುಪಾಸು ಇಳಿದಿರುತ್ತದೆ. ಅಷ್ಟಮಿಗೆ ಆರು ಗಂಟೆ. ಹುಣ್ಣಿಮೆ, ಅಮಾವಾಸ್ಯೆಗೆ ಹನ್ನೊಂದೂಕಾಲರಿಂದ ಹನ್ನೆರಡು. ಇದು ಅಂದಾಜು, ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ. ಆದರೆ ದಿನದ ಯೋಜನೆ ಹಾಕಲು ಸಾಕು.

ಈ ಲೆಕ್ಕದಿಂದ ಒಂದು ವಿಷಯ ತಾನಾಗಿ ಗೊತ್ತಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ದಿನ ಬೆಳಗ್ಗೆ ಆರು ಮತ್ತು ಸಂಜೆ ಆರರ ಹೊತ್ತಿಗೆ ನೀರು ತೀರಾ ಕೆಳಗಿರುತ್ತದೆ. ಅಂದರೆ ಬೆಳಗಿನ ಮೊದಲ ಬೋಟೂ ಸಂಜೆಯ ಬೋಟೂ ಜಾರುವ ಹೊತ್ತಿಗೇ ಬೀಳುತ್ತವೆ. ಆ ದಿನ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರ ಒಳಗೆ ದಾಟಿ. ಗೋವಾದ ಉತ್ತರ ತುದಿಯ ಕೇರಿ–ತೆರೆಖೋಲ್ ಫೆರಿಯಂಥ ಕಡೆ ನೀರು ತೀರಾ ಇಳಿದರೆ ಬೋಟನ್ನೇ ನಿಲ್ಲಿಸುತ್ತಾರೆ.

4. ಕಾರು ಮತ್ತು ಕಾಗದ

ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಲೈಸೆನ್ಸ್ ಇರಲಿ. ಫಾಸ್ಟ್ಯಾಗ್‌ನಲ್ಲಿ ದುಡ್ಡು ತುಂಬಿಸಿ, ಹೆದ್ದಾರಿಯಲ್ಲಿ ಟೋಲ್ ಜಾಸ್ತಿ ಇವೆ. ಹಳದಿ ಬೋರ್ಡಿನ ಬಾಡಿಗೆ ಗಾಡಿ ಮಾಡಿಕೊಂಡು ಹೋಗುವವರು ಮಹಾರಾಷ್ಟ್ರಕ್ಕೆ ಪರ್ಮಿಟ್, ತೆರಿಗೆ ಆಗಿದೆಯೇ ಎಂದು ತುಮಕೂರಿನಲ್ಲೇ ಕೇಳಿಕೊಳ್ಳಿ. ಗಡಿಯಲ್ಲಿ ನಿಂತು ವಾದ ಮಾಡುವ ಕೆಲಸ ಬೇಡ.

ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆಯೇ ಎಂಬುದನ್ನು ಮೆಕ್ಯಾನಿಕ್ ಹತ್ತಿರ ನೋಡಿಸಲೇಬೇಕು. ಸವೆದ ಟೈರು ಇದ್ದರೆ ಬದಲಿಸಿ. ಚಾಲಕರು ಇಳಿಜಾರಿನಲ್ಲಿ ನಿಲ್ಲಿಸಿ ಹಿಂದೆ ಜಾರದ ಹಾಗೆ ಎತ್ತುವುದನ್ನು, ಇಳಿಜಾರಿನಲ್ಲಿ ರಿವರ್ಸ್ ಹೋಗುವುದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿರಬೇಕು. ಯಾವುದಾದರೂ ಕಲ್ಯಾಣ ಮಂಟಪದ ಅಥವಾ ಅಂಗಡಿ ಕಾಂಪ್ಲೆಕ್ಸಿನ ನೆಲಮಾಳಿಗೆಯ ಪಾರ್ಕಿಂಗ್ ಇಳಿಜಾರು ಖಾಲಿ ಇರುವ ಹೊತ್ತು ನೋಡಿ ಹತ್ತಾರು ಸಲ ಮಾಡಿ. ಕೈ ಕುದುರುತ್ತದೆ.

ನಗದು ಇಟ್ಟುಕೊಳ್ಳಿ. ಜೆಟ್ಟಿಗಳು ಊರಿನಿಂದ ದೂರ, ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಸ್ಕ್ಯಾನ್ ಮಾಡಿ ದುಡ್ಡು ಕಟ್ಟುವುದು ಆಗುವುದಿಲ್ಲ. ಪೆಟ್ರೋಲನ್ನು ರತ್ನಾಗಿರಿ, ಗುಹಾಗರ್, ದಾಪೋಲಿಯಂಥ ಊರಲ್ಲೇ ತುಂಬಿಸಿ. ಕಡಲಂಚಿನ ರಸ್ತೆಯಲ್ಲಿ ಬಂಕ್ ವಿರಳ.

5. ತುಮಕೂರಿನಿಂದ ಜಯಗಡದ ಜೆಟ್ಟಿಗೆ

ಶಿರಾ ಗೇಟ್ ದಾಟಿ ಹೆದ್ದಾರಿ ಹಿಡಿದರೆ ಕೊಲ್ಹಾಪುರದ ತನಕ ತಿರುಗುವ ಕೆಲಸವಿಲ್ಲ. ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ. ಸುಮಾರು 540 ಕಿಲೋಮೀಟರ್. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೆಳಗಾವಿಯಲ್ಲೇ ರಾತ್ರಿ ಉಳಿಯಿರಿ.

ಮರುದಿನ ಕೊಲ್ಹಾಪುರದಿಂದ ಮಲಕಾಪುರ, ಆಂಬಾ ಘಾಟಿ, ಸಾಖರ್ಪಾ ದಾರಿಯಲ್ಲಿ ಇಳಿದು ಹಾತಖಂಬಾ ತಲುಪಿ, ಅಲ್ಲಿಂದ ನಿವಳಿ ಮೇಲೆ ಗಣಪತಿಪುಳೆ. ಸುಮಾರು 145 ಕಿಲೋಮೀಟರ್. ಹೆದ್ದಾರಿಯ ಲೆಕ್ಕದಲ್ಲಿ ಎರಡು ಗಂಟೆ ಎಂದುಕೊಳ್ಳಬೇಡಿ, ನಾಲ್ಕು ಗಂಟೆ ಇಟ್ಟುಕೊಳ್ಳಿ. ಆ ರಾತ್ರಿ ಗಣಪತಿಪುಳೆಯಲ್ಲಿ ಉಳಿದು, ಬೆಳಗ್ಗೆ ದೇವರ ದರ್ಶನ ಮಾಡಿ ಜಯಗಡಕ್ಕೆ ಹೊರಡಿ. ತುಮಕೂರಿನಿಂದ ಒಂದೇ ಓಟಕ್ಕೆ ಬಂದು ಸಂಜೆಯ ಬೋಟು ಹಿಡಿಯುತ್ತೇವೆ ಎನ್ನುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿದ್ದೆಗೆಟ್ಟ ಕಣ್ಣಿಗೆ ಆ ರ‍್ಯಾಂಪ್ ಒಳ್ಳೆಯದಲ್ಲ.

ಮ್ಯಾಪ್ ನಂಬುವ ಬಗ್ಗೆ ಒಂದು ಎಚ್ಚರಿಕೆ. ಫೆರಿ ತಪ್ಪಿಸಿ ಎಂಬ ಆಯ್ಕೆ ನಿಮ್ಮ ಮೊಬೈಲಿನಲ್ಲಿ ಆನ್ ಆಗಿದ್ದರೆ ಅದು ಎದುರು ದಡದ ಊರಿಗೆ ಐದು ಗಂಟೆಯ ದಾರಿ ತೋರಿಸುತ್ತದೆ. ಆ ಆಯ್ಕೆ ಆಫ್ ಮಾಡಿ. ಆದರೆ ಬೋಟಿಗಾಗಿ ಕಾಯುವ ಹೊತ್ತನ್ನು ಮ್ಯಾಪ್ ಸರಿಯಾಗಿ ಹಿಡಿಯುವುದಿಲ್ಲ. ಅದು ತೋರಿಸಿದ ಸಮಯಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಿ. ಮ್ಯಾಪಿನಲ್ಲಿ ಊರಿನ ಹೆಸರನ್ನಷ್ಟೇ ಹಾಕದೆ, ಜೆಟ್ಟಿ ಎಂದು ಸೇರಿಸಿ ಹುಡುಕಿ.

6. ಜೆಟ್ಟಿಯಲ್ಲಿ

ಹಿಂದಿನ ಸಂಜೆಯೇ ಉಳಿದುಕೊಂಡ ಮನೆಯವರನ್ನು ಬೋಟಿನ ಹೊತ್ತು ಕೇಳಿ. ಅವರಿಗೆ ಬಾಯಿಪಾಠ ಇರುತ್ತದೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹಳೆಯ ಫೋಟೊ ನಂಬಬೇಡಿ. ಕೊನೆಯ ಬೋಟಿಗೆ ಯಾವತ್ತೂ ಗುರಿ ಇಡಬೇಡಿ. ಅದಕ್ಕೂ ಹಿಂದಿನ ಎರಡನೇ ಬೋಟಿಗೆ ಬನ್ನಿ. ಒಂದು ತುಂಬಿ ಹೋದರೂ ಇನ್ನೊಂದು ಇರುತ್ತದೆ.

ಹಿಂದಿ ನಡೆಯುತ್ತದೆ. ಆದರೆ ಎರಡು ಮರಾಠಿ ಮಾತು ಬಂದರೆ ಕೆಲಸ ಸಲೀಸು. "ಪುಢಚಿ ಬೋಟ್ ಕಿತಿ ವಾಜತಾ?" ಅಂದರೆ ಮುಂದಿನ ಬೋಟು ಎಷ್ಟು ಗಂಟೆಗೆ. "ಶೇವಟಚಿ ಬೋಟ್?" ಅಂದರೆ ಕೊನೆಯ ಬೋಟು. ಉಬ್ಬರಕ್ಕೆ ಅವರು ಭರತಿ ಎನ್ನುತ್ತಾರೆ, ಇಳಿತಕ್ಕೆ ಓಹೋಟಿ.

ಟಿಕೆಟ್ ಕಾರಿಗೆ ಬೇರೆ, ಜನಕ್ಕೆ ಬೇರೆ. ಚಾಲಕರದ್ದು ಕಾರಿನಲ್ಲೇ ಸೇರಿದೆಯೇ ಎಂದು ಕೇಳಿ. ಖಾಡಿಯ ಬೋಟುಗಳಿಗೆ ಕೆಲವು ನೂರು ರೂಪಾಯಿ ಕೈಯಲ್ಲಿದ್ದರೆ ಸಾಕು. ಮಾಂಡವಾ ಹಡಗು ಇದಕ್ಕಿಂತ ಬಹಳ ದುಬಾರಿ. ಟಿಕೆಟನ್ನು ಇಳಿಯುವ ತನಕ ಎಸೆಯಬೇಡಿ.

ಸಾಲಿನಲ್ಲಿ ಎಡಕ್ಕೆ ಸರಿದು ನಿಲ್ಲಿ, ಎದುರಿನಿಂದ ಇಳಿದು ಬರುವ ವಾಹನಗಳಿಗೆ ಜಾಗ ಬೇಕು. ಆಂಬುಲೆನ್ಸ್ ಬಂದರೆ ನೀವು ಎಷ್ಟು ಹೊತ್ತು ಕಾದಿದ್ದರೂ ಮೊದಲು ಅದು ಹೋಗಲಿ. ಸ್ಥಳೀಯರ ಬೈಕುಗಳು ನಿಮ್ಮನ್ನು ದಾಟಿ ಮುಂದೆ ಹೋಗುತ್ತವೆ. ಅದಕ್ಕೆ ಸಿಟ್ಟಾಗಬೇಡಿ. ಕಾರುಗಳ ನಡುವಿನ ಸಂದಿಯಲ್ಲಿ ಅವುಗಳಿಗೆ ಜಾಗ ಮಾಡುತ್ತಾರೆ, ನಿಮ್ಮ ಜಾಗವೇನೂ ಹೋಗುವುದಿಲ್ಲ.

7. ಹತ್ತಿಸುವುದು

ಈಗ ನಿಜವಾದ ಕೆಲಸ. ಬೋಟು ಬರುವ ಮುಂಚೆ ಚಾಲಕರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಕಾರಿನಿಂದ ಇಳಿಯಿರಿ. ನಡೆದುಕೊಂಡೇ ಹತ್ತಿ. ಇದರಿಂದ ಕಾರಿನ ಭಾರ ಕಡಿಮೆಯಾಗಿ ಅಡಿ ತಾಗುವುದು ತಪ್ಪುತ್ತದೆ. ಏನಾದರೂ ಹೆಚ್ಚುಕಡಿಮೆ ಆದರೂ ಒಳಗೆ ಮಕ್ಕಳಿರುವುದಿಲ್ಲ.

ಗಾಜು ಪೂರ್ತಿ ಇಳಿಸಿ, ಹಾಡು ನಿಲ್ಲಿಸಿ. ಕೈಸನ್ನೆ ಮಾಡುವ ಬೋಟಿನ ಹುಡುಗನ ಮಾತು ನಿಮಗೆ ಕೇಳಿಸಬೇಕು. ಆಚೀಚೆ ನಿಂತು ಸಲಹೆ ಕೊಡುವವರು ಹತ್ತು ಜನ ಇರುತ್ತಾರೆ, ನಿಮ್ಮ ಭಾವಮೈದುನನೂ ಸೇರಿ. ಅವರಲ್ಲಿ ಆ ಹುಡುಗನೊಬ್ಬನನ್ನೇ ನೋಡಿ.

ಕೆಲವು ಬೋಟುಗಳಿಗೆ ಎರಡೂ ತುದಿಯಲ್ಲಿ ರ‍್ಯಾಂಪ್ ಇರುತ್ತದೆ. ಮುಂದಿನಿಂದ ಹತ್ತಿ ಮುಂದಕ್ಕೇ ಇಳಿಯಬಹುದು. ಒಂದೇ ತುದಿಯಲ್ಲಿ ಇದ್ದರೆ ಒಂದೋ ರಿವರ್ಸ್‌ನಲ್ಲಿ ಹತ್ತಬೇಕು, ಇಲ್ಲವೇ ರಿವರ್ಸ್‌ನಲ್ಲಿ ಇಳಿಯಬೇಕು. ಯಾವುದು ಎಂದು ಟಿಕೆಟ್ ಕೊಡುವಾಗಲೇ ಕೇಳಿ. ಆಯ್ಕೆ ಕೊಟ್ಟರೆ ರಿವರ್ಸ್‌ನಲ್ಲಿ ಹತ್ತಿ, ಇಳಿಯುವಾಗ ಮುಖ ಮುಂದಕ್ಕಿರಲಿ ಎಂಬುದು ನನ್ನ ಸಲಹೆ. ಇಳಿಯುವಾಗ ಎಲ್ಲರಿಗೂ ಅವಸರ, ಹಿಂದಿನಿಂದ ಹಾರ್ನ್ ಶುರುವಾಗಿರುತ್ತದೆ.

ಕಾಂಕ್ರೀಟಿನ ಇಳಿಜಾರಿಗೆ ಮೊದಲ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ಒಮ್ಮೆಲೇ ಒತ್ತಬೇಡಿ, ಪಾಚಿಯ ಮೇಲೆ ಚಕ್ರ ಕಚ್ಚಿಕೊಂಡರೆ ಕಾರು ಸೀದಾ ಜಾರುತ್ತದೆ. ಕಾಂಕ್ರೀಟೂ ರ‍್ಯಾಂಪೂ ಸೇರುವ ಕಡೆ ಒಂದು ಅಂಚು ಇರುತ್ತದೆ. ಮುಂದಿನ ಚಕ್ರ ಅಲ್ಲಿಗೆ ಬಂದಾಗ ಬೋಟು ಸ್ವಲ್ಪ ತೂಗುತ್ತದೆ, ಕಬ್ಬಿಣ ಕಿರ್ ಎನ್ನುತ್ತದೆ. ಮೊದಲ ಸಲ ಎದೆ ಧಸಕ್ಕೆನ್ನುವುದು ಇಲ್ಲೇ. ಎಕ್ಸಲರೇಟರ್ ಬಿಟ್ಟುಬಿಡಬೇಡಿ, ಜೋರಾಗಿ ತುಳಿಯಲೂ ಬೇಡಿ. ಒಂದೇ ಹದದಲ್ಲಿ ಹಿಡಿದು ಸಾಗಿ, ಹಿಂದಿನ ಚಕ್ರವೂ ದಾಟುವ ತನಕ ನಿಲ್ಲಿಸಬೇಡಿ. ತಗ್ಗಿನ ಸೆಡಾನ್ ಕಾರುಗಳಿಗೆ ಈ ಅಂಚಿನಲ್ಲೇ ಬಂಪರ್ ತಾಗುವುದು. ಸ್ವಲ್ಪ ಓರೆಯಾಗಿ ಹತ್ತಿಸಬಹುದೇ ಎಂದು ಹುಡುಗನನ್ನು ಕೇಳಿ, ಅಥವಾ ನೀರು ಏರುವ ತನಕ ಕಾಯಿರಿ.

ಕಾಂಕ್ರೀಟಿನ ಮೇಲೆ ನೀರು ನಿಂತಿದ್ದರೆ, ಮುಂದಿನವರು ಹೋದರು ಎಂದು ನೀವು ನುಗ್ಗಬೇಡಿ. ಉಪ್ಪು ನೀರು ಕಾರಿನ ಅಡಿಗೂ ವೈರಿಂಗಿಗೂ ಶತ್ರು.

8. ಬೋಟಿನ ಮೇಲೆ

ಹುಡುಗ ತೋರಿಸಿದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ. ಆಟೊಮ್ಯಾಟಿಕ್ ಆದರೆ ಪಿ. ಎಂಜಿನ್ ಆಫ್. ಪಕ್ಕದ ಕನ್ನಡಿಗಳನ್ನು ಮಡಚಿ, ಇಲ್ಲದಿದ್ದರೆ ಬೈಕಿನವರು ಮಡಚುತ್ತಾರೆ. ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸುವುದರಿಂದ ಬಾಗಿಲು ತೆರೆಯಲು ಜಾಗ ಸಾಲದೆ ಹೋಗಬಹುದು. ನೀರಿನ ಬಾಟಲಿ, ಮಾತ್ರೆ, ಟೋಪಿ ಮೊದಲೇ ಇಳಿದವರ ಕೈಯಲ್ಲಿರಲಿ.

ಬಾಗಿಲಿನ ಅಲಾರಂ ಹಾಕಬೇಡಿ. ಬೋಟಿನ ಅದುರಿಗೆ ಅದು ಬಡಿದುಕೊಳ್ಳುತ್ತಲೇ ಇರುತ್ತದೆ. ಗಾಜು ಇಳಿಸಿಯೇ ಇರಲಿ, ಕಾರಿನೊಳಗೆ ಎಸಿ ಹಾಕಿಕೊಂಡು ಕೂರಬೇಡಿ. ನೀರಿನ ಮೇಲೆ ಇರುವಷ್ಟು ಹೊತ್ತೂ ಕಾರಿನ ಹೊರಗಿರುವುದೇ ಸುರಕ್ಷಿತ. ಲೈಫ್ ಜಾಕೆಟ್ ಎಲ್ಲಿದೆ ಎಂದು ಹತ್ತಿದ ಕೂಡಲೇ ಕಣ್ಣಾಡಿಸಿ. ಮಕ್ಕಳ ಕೈ ಹಿಡಿದುಕೊಳ್ಳಿ. ರ‍್ಯಾಂಪಿನ ಸರಪಳಿಯ ಹತ್ತಿರ ನಿಂತು ಸೆಲ್ಫಿ ಬೇಡ, ಅದು ಏಳುವಾಗ ಇಳಿಯುವಾಗ ಕೈ ಕಾಲು ಸಿಕ್ಕಿಕೊಳ್ಳುತ್ತದೆ. ಬೀಡಿ, ಸಿಗರೇಟು ಯಾರೂ ಹಚ್ಚಬಾರದು, ಸುತ್ತ ಇರುವುದೆಲ್ಲ ಪೆಟ್ರೋಲ್ ತುಂಬಿದ ಗಾಡಿಗಳು.

ದಾಟುವುದು ಹತ್ತು–ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಮೊಬೈಲ್ ಕೆಳಗಿಟ್ಟು ದಡ ನೋಡಿ. ಧೋಪಾವೆಯಿಂದ ಹೊರಟಾಗ ಎದುರಿಗೆ ಕಾಣುವ ದಾಭೋಳ್ ಇವತ್ತು ಚಿಕ್ಕ ಊರು. ಒಂದು ಕಾಲಕ್ಕೆ ಕಲಬುರಗಿ, ಬೀದರಿನ ಬಹಮನಿಗಳಿಗೂ ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳಿಗೂ ಅರಬ್ ದೇಶಗಳ ಜೊತೆ ವ್ಯಾಪಾರಕ್ಕೆ ಇದೇ ದೊಡ್ಡ ಬಂದರು. 15ನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಈ ದಾಭೋಳದ ಬಗ್ಗೆ ಬರೆದಿದ್ದಾನೆ. ಆದಿಲ್‌ಶಾಹಿ ಕಾಲದ ಕಲ್ಲಿನ ಮಸೀದಿಯೊಂದು ಜೆಟ್ಟಿಗೆ ಹತ್ತಿರದಲ್ಲೇ ಈಗಲೂ ನಿಂತಿದೆ. ಬಿಜಾಪುರದ ಕಟ್ಟಡಗಳನ್ನು ನೋಡಿದವರಿಗೆ ಅದರ ಗುಮ್ಮಟ, ಮಿನಾರುಗಳ ಗುರುತು ಹತ್ತುತ್ತದೆ. ಬೋಟು ಇಳಿದ ಕೂಡಲೇ ದಾಪೋಲಿಗೆ ಓಡುವ ಬದಲು ಅರ್ಧ ಗಂಟೆ ಅಲ್ಲಿ ಕಳೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ನಾಡಿನ ಚರಿತ್ರೆಯ ಒಂದು ತುದಿ ಅಲ್ಲಿದೆ.

9. ಇಳಿಸುವುದು

ದಡ ಹತ್ತಿರ ಬಂದಾಗ ಚಾಲಕರು ಮಾತ್ರ ಕಾರಿಗೆ ಹೋಗಿ. ಬೋಟು ಪೂರ್ತಿ ನಿಂತು, ರ‍್ಯಾಂಪ್ ಕಾಂಕ್ರೀಟಿಗೆ ತಾಗಿ, ಹುಡುಗ ಕೈ ಬೀಸುವ ತನಕ ಎಂಜಿನ್ ಹಚ್ಚಬೇಡಿ. ಮೊದಲು ನಡೆದು ಹೋಗುವವರು, ಆಮೇಲೆ ಬೈಕು, ಆಮೇಲೆ ಕಾರು. ಇಳಿಯುವಾಗ ಮೇಲೇರುವ ದಾರಿ. ಮುಂದಿನ ಕಾರು ಇಳಿಜಾರನ್ನು ಪೂರ್ತಿ ಹತ್ತಿ ಮುಗಿಸಿದ ಮೇಲೆಯೇ ನೀವು ಹೊರಡಿ. ಅದು ನಡುವೆ ನಿಂತರೆ ನೀವು ಪಾಚಿಯ ಮೇಲೆ ಸಿಕ್ಕಿಬೀಳುತ್ತೀರಿ. ಜನರನ್ನು ಹತ್ತಿಸಿಕೊಳ್ಳಲು ಜೆಟ್ಟಿಯ ಬಾಯಲ್ಲೇ ನಿಲ್ಲಿಸಬೇಡಿ. ರಸ್ತೆಗೆ ಬಂದು, ಪಕ್ಕಕ್ಕೆ ಹಾಕಿ ಕಾಯಿರಿ.

10. ಆಮೇಲೆ

ಅದೇ ಸಂಜೆ ಉಳಿದುಕೊಂಡ ಕಡೆ ಪೈಪ್ ಇದ್ದರೆ ಚಕ್ರ, ಬ್ರೇಕ್ ಡಿಸ್ಕ್, ಕಾರಿನ ಅಡಿಗೆ ಸಿಹಿನೀರು ಹಾಯಿಸಿ. ಮರುದಿನ ಬೆಳಗ್ಗೆ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕಂಡರೆ ಗಾಬರಿ ಬೇಡ, ನಾಲ್ಕು ಸಲ ಮೆಲ್ಲಗೆ ಬ್ರೇಕ್ ಒತ್ತಿದರೆ ಹೋಗುತ್ತದೆ. ತುಮಕೂರಿಗೆ ಬಂದ ವಾರದೊಳಗೆ ವಾಟರ್ ಸರ್ವಿಸ್ ಮಾಡಿಸಿ. ಸುಮ್ನೆ ಮೇಲೆ ನೊರೆ ಹಾಕಿ ಒರೆಸಿದರೆ ಸಾಲದು, ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಸಿ, ಸಮುದ್ರದ ಕಡೆ ಹೋಗಿ ಬಂದಿದೆ ಎಂದು ಬಾಯಿಬಿಟ್ಟು ಹೇಳಿ ಅಡಿಯನ್ನು ತೊಳೆಸಿ.

ಇನ್ನು ಎರಡು ಪ್ರಶ್ನೆ ಉಳಿದವು. ಬೈಕಿನಲ್ಲಿ ಹೋಗಬಹುದೇ? ಧಾರಾಳವಾಗಿ. ಆದರೆ ರ‍್ಯಾಂಪಿನ ಮೇಲೆ ಹಿಂದೆ ಕೂತವರು ಇಳಿಯಬೇಕು, ಕಾಲು ನೆಲಕ್ಕೆ ತಾಗಿಸಿಕೊಂಡೇ ಹೋಗಿ, ಬೋಟಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ಪಕ್ಕದಲ್ಲೇ ಹಿಡಿದು ನಿಲ್ಲಿ. ಸೇತುವೆ ಬಂದರೆ ಬೋಟು ಇರುತ್ತದಾ? ಕೊಂಕಣದ ಕರಾವಳಿ ಹೆದ್ದಾರಿಗಾಗಿ ಈ ಖಾಡಿಗಳ ಮೇಲೆ ಸೇತುವೆ ಕಟ್ಟುವ ಯೋಜನೆ ಇದೆ. ಹಾಗಾಗಿ ಬೋಟಿನಲ್ಲೇ ದಾಟಬೇಕೆಂಬ ಆಸೆ ಇರುವವರು ಜಾಸ್ತಿ ವರ್ಷ ಮುಂದೂಡಬೇಡಿ. ಹೊರಡುವ ವಾರ ಪಂಚಾಂಗದಲ್ಲಿ ತಿಥಿ ನೋಡಿ, ಉಳಿಯುವ ಕಡೆಗೆ ಒಂದು ಫೋನ್ ಮಾಡಿ ಬೋಟು ಓಡುತ್ತಿದೆಯೇ ಎಂದು ಕೇಳಿಕೊಳ್ಳಿ.